ಸೈಕಲ್ ಚಕ್ರದ ಗುಂಡುಗಳು: ರಾಮನಗರ ಸೀಮೆಯ ದೃಷ್ಟಿಯಿಂದ ಒಂದು ಸಮೀಕ್ಷೆ

ಸೈಕಲ್ಲನ್ನು ಕೊಳ್ಳುವವನು ಅದರ ಬಣ್ಣವನ್ನು ನೋಡುತ್ತಾನೆ, ಚೌಕಟ್ಟಿನ ಎತ್ತರವನ್ನು ನೋಡುತ್ತಾನೆ, ಟೈರನ್ನು ಒತ್ತಿ ನೋಡುತ್ತಾನೆ, ಗಂಟೆಯನ್ನು ಬಾರಿಸಿಯೂ ನೋಡುತ್ತಾನೆ; ಆದರೆ ಚಕ್ರದ ನಡುವೆ, ಹಬ್ಬಿನ ಉದರದಲ್ಲಿ, ಕಣ್ಣಿಗೆ ಕಾಣದೆ ಅಡಗಿದ್ದು ಸವಾರನ ಸಮಸ್ತ ಭಾರವನ್ನೂ ಹೊತ್ತು ಉರುಳುವ ಉಕ್ಕಿನ ಗುಂಡುಗಳ ಯೋಗಕ್ಷೇಮವನ್ನು ವಿಚಾರಿಸುವವರು ವಿರಳ. ಸಾಧಾರಣವಾದ ಕರಿಯ ಸೈಕಲ್ಲಿನಲ್ಲಿ ಮುಂದಿನ ಹಬ್ಬಿಗೆ ಪಕ್ಕಕ್ಕೆ 10ರಂತೆ 20, ಹಿಂದಿನ ಹಬ್ಬಿಗೆ ಪಕ್ಕಕ್ಕೆ 9ರಂತೆ 18, ಒಟ್ಟು 38 ಗುಂಡುಗಳಿರುತ್ತವೆ. ಇವುಗಳ ಬೆಲೆ ಅತ್ಯಲ್ಪ. ಇವು ಕೆಟ್ಟಾಗ ಆಗುವ ನಷ್ಟ ಮಾತ್ರ ಅಲ್ಪವಲ್ಲ: ಮೊದಲು ಗುಂಡು ಒರಗುವ ಕೋನು ಹೋಗುತ್ತದೆ, ಬಳಿಕ ಗುಂಡು ಕೂರುವ ಬಟ್ಟಲು ಹೋಗುತ್ತದೆ, ಕಡೆಗೆ ಹಬ್ಬೇ ನಿರರ್ಥಕವಾಗಿ ಚಕ್ರವನ್ನು ಕಡ್ಡಿ ಕಡ್ಡಿಯಾಗಿ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಒಂದು ಜಿಲ್ಲೆಯಾದುವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ಈ ಸೀಮೆಯಲ್ಲಿ ಸೈಕಲ್ ತುಳಿಯುವವನಿಗೆ ಯಾವ ಬಗೆಯ ಬೇರಿಂಗು ತಕ್ಕದ್ದು, ಅದನ್ನು ಆತ ಹೇಗೆ ಕಾಪಾಡಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಇಡಿಯಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಹೇಳಬೇಕಾದ ಸಾರವನ್ನು ಮೊದಲೇ ಹೇಳುವುದಾದರೆ, ಬೇರಿಂಗಿನ ಆಯುಷ್ಯವನ್ನು ನಿರ್ಣಯಿಸುವುದು ಅದರ ಬೆಲೆಯೂ ಅಲ್ಲ, ಹೊರುವ ಭಾರವೂ ಅಷ್ಟಾಗಿ ಅಲ್ಲ. ಒಳಗೆ ನುಗ್ಗುವ ಧೂಳು, ನೀರು, ಮತ್ತು ಬಿಗಿತವನ್ನು ಹೊಂದಿಸುವ ಕೈಯ ಹದ, ಈ ಮೂರು ಮಾತ್ರ. ಆದಕಾರಣ ಊರಿನಲ್ಲೇ ಬಿಚ್ಚಿ, ತೊಳೆದು, ಮತ್ತೆ ಜೋಡಿಸಲು ಬರುವ ಬೇರಿಂಗೇ ಇಲ್ಲಿ ಉತ್ತಮವಾದ ಬೇರಿಂಗು.

ನೆಲ ಮತ್ತು ಹೊರೆ

ಈ ನೆಲದ ಗುಣವನ್ನು ಅರಿಯದೆ ಬೇರಿಂಗಿನ ಮಾತಿಗೆ ತೊಡಗುವುದು ತರವಲ್ಲ. ರಾಮನಗರದ ಸುತ್ತಣ ಬೆಟ್ಟಗಳೂ ಮಾಗಡಿಯ ಸಾವನದುರ್ಗವೂ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷ ವಯಸ್ಸಿನ ಶಿಲಾಪಂಕ್ತಿಗೆ ಸೇರಿದವು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನಿಂದಾಗಿ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿದ್ದುದೇ ಶಿಲೆಯ ಈ ಹೆಸರಿಗೆ ಕಾರಣ. ಈ ಕಲ್ಲು ಬಿಸಿಲುಮಳೆಗಳಿಗೆ ಸಿಕ್ಕಿ ಸಡಿಲಗೊಂಡಾಗ ಅದರ ಇತರ ಖನಿಜಗಳು ಕಾಲಕ್ರಮದಲ್ಲಿ ಮಣ್ಣಾಗಿ ಹೋದರೂ ಬೆಣಚುಕಲ್ಲಿನ ಕಣಗಳು ಮಾತ್ರ ಹಾಗೆಯೇ ಉಳಿದು, ರಸ್ತೆಯ ಅಂಚಿನಲ್ಲಿ, ಹೊಲದ ದಾರಿಯಲ್ಲಿ, ಜಲ್ಲಿಯ ಕ್ರಷರುಗಳ ಆಸುಪಾಸಿನಲ್ಲಿ ನುಣ್ಣನೆಯ ಮರಳಾಗಿ ಹರಡಿಕೊಳ್ಳುತ್ತವೆ. ವಿಕರ್ಸ್ ಮಾನದಲ್ಲಿ ಹದಮಾಡಿದ ಬೇರಿಂಗ್ ಉಕ್ಕಿನ ಕಾಠಿಣ್ಯವು 700ರಿಂದ 800ರಷ್ಟಾದರೆ ಬೆಣಚುಕಲ್ಲಿನದು 1000ವನ್ನೂ ಮೀರುತ್ತದೆ. ಎಂದರೆ ಈ ಸೀಮೆಯ ಧೂಳು ಗುಂಡಿನ ಉಕ್ಕಿಗಿಂತ ಗಟ್ಟಿಯಾದದ್ದು. ಅದು ಗ್ರೀಸಿನೊಡನೆ ಬೆರೆತಿತೆಂದರೆ ಲೇಪನವಾಗಿದ್ದ ಗ್ರೀಸೇ ಉಕ್ಕನ್ನು ಮಸೆಯುವ ಸಾಣೆಯಾಗಿ ಪರಿಣಮಿಸುತ್ತದೆ.

ಮಳೆಯ ವಿಚಾರವೂ ಗಮನಾರ್ಹವಾದದ್ದು. ಮಲೆನಾಡಿನಲ್ಲಿ ಮಳೆಗಾಲದ ಉಗ್ರತೆಯೆಲ್ಲ ಆಷಾಢ ಶ್ರಾವಣಗಳಲ್ಲಿ ಕಂಡುಬಂದರೆ ಈ ಬಯಲುಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳುಗಳ ಗುಡುಗುಮಳೆಯ ಬಳಿಕ ನಡುವೆ ತುಂತುರಿನಲ್ಲೇ ಕಾಲ ಕಳೆದು, ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ದೊಡ್ಡ ಮಳೆ ಬೀಳುತ್ತದೆ. ಅರ್ಕಾವತಿ, ಕಣ್ವ, ಶಿಂಷಾ ನದಿಗಳ ಕಡೆಗೆ ಇಳಿಯುವ ಹಳ್ಳಗಳು ತುಂಬಿ ಹರಿಯುವ ಆ ದಿನಗಳಲ್ಲಿ ಸೈಕಲ್ಲು ಹಬ್ಬಿನವರೆಗೆ ನೀರಿನಲ್ಲಿ ಮುಳುಗಿ ದಾಟುವುದುಂಟು. ಉರುಳಿ ಕಾವೇರಿದ ಹಬ್ಬು ತಣ್ಣೀರಿಗೆ ಇಳಿದಾಗ ಅದರೊಳಗಣ ಗಾಳಿ ಕುಗ್ಗಿ ಹೊರಗಣ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗೆ ಒಳಹೊಕ್ಕ ನೀರು ತಾನಾಗಿ ಹೊರಬರಲಾರದೆ ಅಲ್ಲಿಯೇ ನಿಂತು ತುಕ್ಕನ್ನು ಹುಟ್ಟಿಸುತ್ತದೆ.

ಇನ್ನು ಹೊರೆ. ಈ ತಾಲ್ಲೂಕುಗಳಲ್ಲಿ ಸೈಕಲ್ಲು ಕೇವಲ ಸವಾರನನ್ನು ಹೊತ್ತು ಓಡಾಡುವ ಯಂತ್ರವಾಗಿ ಉಳಿದುಬಂದಿಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆ, ರಾಮನಗರದ ಮಾರುಕಟ್ಟೆಗೆ ಸಾಗುವ ರೇಷ್ಮೆಗೂಡಿನ ಚೀಲ, ಹಾಲಿನ ಡೈರಿಗೆ ಮುಂಜಾವಿನಲ್ಲಿ ತಲುಪಬೇಕಾದ ಕ್ಯಾನು, ಮಿಲ್ಲಿಗೆ ಹೋಗುವ ರಾಗಿಯ ಮೂಟೆ, ಇವೆಲ್ಲವೂ ಹಿಂದಿನ ಕ್ಯಾರಿಯರಿನ ಮೇಲೆ ಏರಿದ ಭಾರಗಳೇ. ಮೋಟಾರು ಬೈಕು ಈ ಕೆಲಸಗಳಲ್ಲಿ ಹೆಚ್ಚಿನದನ್ನು ಕಸಿದುಕೊಂಡಿದ್ದರೂ ಸೈಕಲ್ಲು ಹಳ್ಳಿಯಿಂದ ಕಣ್ಮರೆಯಾಗಿಲ್ಲ. 2006-07ನೆಯ ಸಾಲಿನಲ್ಲಿ ರಾಮನಗರದ ಶಾಸಕರೇ ಮುಖ್ಯಮಂತ್ರಿಗಳಾಗಿದ್ದಾಗ ಆರಂಭವಾಗಿ, ಮೊದಲು ವಿದ್ಯಾರ್ಥಿನಿಯರಿಗೆ, ಮುಂದೆ ಹುಡುಗರಿಗೂ, ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ ಎಂಟನೆಯ ತರಗತಿಯಲ್ಲಿ ಉಚಿತವಾಗಿ ಹಂಚಲಾದ ಸೈಕಲ್ಲುಗಳು ಅನೇಕ ವರ್ಷಗಳ ಕಾಲ ಮನೆಮನೆಯನ್ನೂ ಸೇರಿದುವು. ಕೋವಿಡ್ ಕಾಲದಲ್ಲಿ ಆ ಹಂಚಿಕೆ ನಿಂತುಹೋದರೂ ಆ ಸೈಕಲ್ಲುಗಳಲ್ಲಿ ಎಷ್ಟೋ ಈಗಲೂ ದನದ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿವೆ. ಇವುಗಳೊಡನೆ ಬೆಂಗಳೂರಿನಿಂದ ಭಾನುವಾರದ ಬೆಳಗ್ಗೆ ಸಾವನದುರ್ಗಕ್ಕೋ, ಮಂಚನಬೆಲೆಗೋ, ಕನಕಪುರದಾಚೆಯ ಸಂಗಮಕ್ಕೋ ಬರುವ ಗೇರು ಸೈಕಲ್ಲುಗಳ ಸವಾರರನ್ನೂ ಸೇರಿಸಿಕೊಂಡರೆ ನಮ್ಮ ಸಮೀಕ್ಷೆಗೆ ಒಳಪಡತಕ್ಕ ಜನವರ್ಗವು ಪೂರ್ಣವಾಗುತ್ತದೆ.

ಗುಂಡು ಬಂದ ಬಗೆ

ಎತ್ತಿನ ಗಾಡಿಯ ಕಾಲದಲ್ಲಿ ಚಕ್ರದ ಗುಂಬವು ಅಚ್ಚಿನ ಮೇಲೆ ಉಜ್ಜಿಕೊಂಡೇ ತಿರುಗುತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಬೆರಸಿ ಮಾಡಿದ ಕೀಲೆಣ್ಣೆಯು ಆ ಉಜ್ಜಾಟವನ್ನು ತಗ್ಗಿಸುತ್ತಿತ್ತೇ ಹೊರತು ನಿವಾರಿಸುತ್ತಿರಲಿಲ್ಲ. ಉಜ್ಜುವುದರ ಬದಲು ಉರುಳಿಸಿದರೆ ಘರ್ಷಣೆ ಬಹುಮಟ್ಟಿಗೆ ಇಲ್ಲವಾಗುತ್ತದೆಂಬ ತತ್ತ್ವವನ್ನು ಗಾಡಿಯ ಅಚ್ಚಿಗೆ ಅನ್ವಯಿಸಿ ವೇಲ್ಸಿನ ಕಾರ್ಮಾರ್ಥೆನ್ ಎಂಬಲ್ಲಿನ ಫಿಲಿಪ್ ವಾನ್ 1794ರಲ್ಲಿ ಪೇಟೆಂಟು ಪಡೆದನು. ಅದನ್ನು ಸೈಕಲ್ಲಿಗೆ ತಂದವನು ಪ್ಯಾರಿಸ್ಸಿನ ಝೂಲ್ ಸುರಿರೇ. ಆತನಿಗೆ ಪೇಟೆಂಟು ದೊರೆತದ್ದು 1869ರಲ್ಲಿ, ಅದೇ ವರ್ಷದ ನವೆಂಬರಿನಲ್ಲಿ ಪ್ಯಾರಿಸ್ಸಿನಿಂದ ರುವಾನಿಗೆ ನಡೆದ ಪಂದ್ಯವನ್ನು ಜೇಮ್ಸ್ ಮೂರ್ ಗೆದ್ದದ್ದು ಗುಂಡಿನ ಬೇರಿಂಗುಳ್ಳ ಸೈಕಲ್ಲಿನ ಮೇಲೆ. ಆದರೂ ಒಂದೇ ಗಾತ್ರದ, ಲೋಪವಿಲ್ಲದ ಗೋಲಗಳನ್ನು ಸಾವಿರ ಸಾವಿರವಾಗಿ ಮಾಡುವ ಉಪಾಯ ತಿಳಿಯುವವರೆಗೆ ಗುಂಡು ಸಾಮಾನ್ಯನ ಕೈಗೆ ಎಟುಕಲಿಲ್ಲ. ಜರ್ಮನಿಯ ಶ್ವೈನ್‌ಫರ್ಟಿನಲ್ಲಿ ಫ್ರೀಡ್ರಿಖ್ ಫಿಶರ್ 1883ರಲ್ಲಿ ಗುಂಡನ್ನು ಅರೆಯುವ ಯಂತ್ರವನ್ನು ನಿರ್ಮಿಸಿದ ಮೇಲೆಯೇ ಅದು ಅಗ್ಗವಾಯಿತು.

ನಮ್ಮ ದೇಶದಲ್ಲಿ ಮೊದಲು ಓಡಾಡಿದ ಸೈಕಲ್ಲುಗಳು ಇಂಗ್ಲೆಂಡಿನವು. ಸ್ವಾತಂತ್ರ್ಯದ ತರುವಾಯ ಮದರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, ಸೋನೀಪತದಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೋ ಸ್ಥಾಪಿತವಾಗಿ, ಇಂಗ್ಲಿಷ್ ಮಾದರಿಯ ಅಳತೆಗಳನ್ನೇ ಅನುಸರಿಸಿ ಸೈಕಲ್ಲುಗಳನ್ನು ತಯಾರಿಸಿದುವು. ಆದುದರಿಂದಲೇ ನಮ್ಮ ಕರಿಯ ಸೈಕಲ್ಲಿನ ಹಬ್ಬಿನಲ್ಲಿ ಇಂದಿಗೂ ಇಂಚಿನ ಲೆಕ್ಕವೇ ನಡೆಯುತ್ತಿದೆ: ಮುಂದಿನ ಅಚ್ಚು 5/16 ಇಂಚು, ಹಿಂದಿನದು 3/8 ಇಂಚು, ಮುಂದಿನ ಗುಂಡು ಸಾಮಾನ್ಯವಾಗಿ 3/16 ಇಂಚು, ಹಿಂದಿನದು 1/4 ಇಂಚು. ಹೊಸ ಗೇರು ಸೈಕಲ್ಲುಗಳ ಅಚ್ಚುಗಳು ಮಾತ್ರ ಮಿಲಿಮೀಟರಿನವು, ಮುಂದೆ 9, ಹಿಂದೆ 10. ಆದರೆ ಗುಂಡುಗಳು ಅವುಗಳಲ್ಲಿಯೂ ಬಹುಪಾಲು ಇಂಚಿನವೇ. 1/4 ಇಂಚೆಂದರೆ 6.35 ಮಿಲಿಮೀಟರ್, ಅದರ ಜಾಗದಲ್ಲಿ 6 ಮಿಲಿಮೀಟರಿನ ಗುಂಡು ಸುಮ್ಮನೆ ಕೂತಂತೆ ಕಂಡರೂ ಬಟ್ಟಲಿನ ಬಾಗಿಗೆ ಹೊಂದದೆ ಕೆಲವೇ ದಿನಗಳಲ್ಲಿ ಗುಂಡು ಉರುಳುವ ದಾರಿಯನ್ನು ಹಾಳುಮಾಡುತ್ತದೆ.

ಎರಡು ಪಂಗಡಗಳು

ಇಂದು ದೊರೆಯುವ ಹಬ್ಬುಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಬಹುದು. ಮೊದಲನೆಯದು ಬಟ್ಟಲು ಮತ್ತು ಕೋನಿನ ಹಬ್ಬು. ಹಬ್ಬಿನ ಎರಡು ತುದಿಗಳಲ್ಲಿಯೂ ಕೂರಿಸಿದ ಬಟ್ಟಲು, ಅಚ್ಚಿನ ತಿರುಪಿನ ಮೇಲೆ ತಿರುಗಿಸಿ ಕೂರಿಸುವ ಕೋನು, ಇವೆರಡರ ನಡುವಣ ಓಣಿಯಲ್ಲಿ ಬಿಡಿಬಿಡಿಯಾಗಿಯೋ ತಗಡಿನ ಜಾಲರಿಯೊಳಗೋ ಉರುಳುವ ಗುಂಡುಗಳು: ಇಷ್ಟೇ ಇದರ ರಚನೆ. ಓರೆಯಾದ ದಾರಿಯ ಮೇಲೆ ಗುಂಡು ನಿಲ್ಲುವುದರಿಂದ ಮೇಲಿನಿಂದ ಬರುವ ಭಾರವನ್ನೂ ಪಕ್ಕದಿಂದ ಬರುವ ತಳ್ಳನ್ನೂ ಇದು ಒಂದೇ ಸಮನೆ ತಾಳುತ್ತದೆ. ಸವೆದಂತೆಲ್ಲ ಕೋನನ್ನು ಕೊಂಚ ಒಳಕ್ಕೆ ತಿರುಗಿಸಿ ಆಟವನ್ನು ತೆಗೆಯಬಹುದು. ಗುಂಡು, ಕೋನು, ಅಚ್ಚು ಬೇರೆಬೇರೆಯಾಗಿ ದೊರೆಯುವುದರಿಂದ ಕೆಟ್ಟದ್ದನ್ನು ಮಾತ್ರ ಬದಲಿಸಬಹುದು. ಇದರ ದೋಷವಾದರೋ, ಹೊಂದಿಸುವವನ ಜಾಣ್ಮೆಯನ್ನೇ ಅದು ಪೂರ್ತಿಯಾಗಿ ಅವಲಂಬಿಸಿರುವುದು, ಮತ್ತು ಅಗ್ಗದ ಹಬ್ಬುಗಳಲ್ಲಿ ಧೂಳನ್ನು ತಡೆಯುವ ಮುಚ್ಚಳ ಹೆಸರಿಗೆ ಮಾತ್ರ ಇರುವುದು.

ಎರಡನೆಯದು ಕಾರ್ಟ್ರಿಜ್ ಬೇರಿಂಗಿನ ಹಬ್ಬು. ಒಳಬಳೆ, ಹೊರಬಳೆ, ಗುಂಡು, ಗ್ರೀಸು, ರಬ್ಬರಿನ ಸೀಲು ಎಲ್ಲವೂ ಕಾರ್ಖಾನೆಯಲ್ಲಿಯೇ ಸಿದ್ಧವಾಗಿ ಒಂದು ಡಬ್ಬಿಯಾಗಿ ಬರುತ್ತವೆ. ಸವೆದಾಗ ಡಬ್ಬಿಯನ್ನೇ ಬದಲಿಸತಕ್ಕದ್ದು. ಇವುಗಳ ಸಂಖ್ಯೆಯಲ್ಲಿಯೇ ಅಳತೆ ಅಡಗಿದೆ: ಕೊನೆಯ ಎರಡು ಅಂಕಿಗಳು 00 ಆದರೆ ಒಳವ್ಯಾಸ 10 ಮಿಲಿಮೀಟರ್, 01 ಆದರೆ 12, 02 ಆದರೆ 15, 03 ಆದರೆ 17, 04ರಿಂದ ಮುಂದಕ್ಕೆ ಆ ಅಂಕಿಯನ್ನು ಐದರಿಂದ ಗುಣಿಸಬೇಕು. ಹೀಗೆ 6000 ಸಂಖ್ಯೆಯದು 10 ಮಿಲಿಮೀಟರ್ ಒಳವ್ಯಾಸ, 26 ಹೊರವ್ಯಾಸ, 8 ಅಗಲವುಳ್ಳದ್ದು. 6902 ಎಂಬುದು 15, 28, 7 ಅಳತೆಯ ತೆಳುವಾದದ್ದು. ಸಂಖ್ಯೆಯ ಬಾಲದಲ್ಲಿ 2ಆರ್‌ಎಸ್ ಎಂದಿದ್ದರೆ ಎರಡು ಕಡೆಯೂ ರಬ್ಬರಿನ ಸೀಲು, ಝಡ್‌ಝಡ್ ಎಂದಿದ್ದರೆ ಎರಡು ಕಡೆಯೂ ತಗಡಿನ ಮರೆ. ನಮ್ಮ ಸೀಮೆಯ ಬೆಣಚುಧೂಳಿಗೆ ತಗಡಿನ ಮರೆ ಸಾಲದು. ರಬ್ಬರಿನ ಸೀಲಿನದನ್ನೇ ಕೇಳಿ ಪಡೆಯಬೇಕು.

ಭಾರವೋ, ಧೂಳೋ?

ಬೇರಿಂಗು ಭಾರದಿಂದ ಸಾಯುತ್ತದೆಂಬುದು ಲೋಕದ ನಂಬಿಕೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಭಾರ ಇಮ್ಮಡಿಯಾದರೆ ಬೇರಿಂಗಿನ ಆಯುಷ್ಯ ಎಂಟರಲ್ಲೊಂದು ಪಾಲಾಗುತ್ತದೆಂಬುದು ಗುಂಡಿನ ಬೇರಿಂಗುಗಳಿಗೆಲ್ಲ ಅನ್ವಯಿಸುವ ಪ್ರಸಿದ್ಧ ನಿಯಮ. ಸೈಕಲ್ಲೂ ಸವಾರನೂ ಕೂಡಿ 90 ಕಿಲೋಗ್ರಾಮಾಗಿ, ಅದರಲ್ಲಿ ಸುಮಾರು 54 ಕಿಲೋಗ್ರಾಮು ಹಿಂದಿನ ಚಕ್ರದ ಮೇಲೆ ಬಿದ್ದು, ಎರಡು 6000 ಬೇರಿಂಗುಗಳಲ್ಲಿ ಹಂಚಿಹೋದರೆ, ಆ ನಿಯಮದ ಪ್ರಕಾರ ಉಕ್ಕು ದಣಿದು ಸಿಡಿಯುವುದಕ್ಕೆ ಒಂದು ಕೋಟಿ ಕಿಲೋಮೀಟರಿಗೂ ಮಿಗಿಲಾದ ಓಟ ಬೇಕು. ಹೊರೆಯಿಂದ ಭಾರ ಎರಡರಷ್ಟಾದರೂ ಹತ್ತು ಲಕ್ಷ ಕಿಲೋಮೀಟರಿಗೆ ಕೊರತೆಯಿಲ್ಲ. ಮನೆಯಿಂದ ಐದು ಕಿಲೋಮೀಟರ್ ದೂರದ ಶಾಲೆಗೆ ಹೋಗಿಬರುವ ಹುಡುಗಿಯ 28 ಇಂಚಿನ ಚಕ್ರವು ದಿನಕ್ಕೆ ಸುಮಾರು 4,500 ಸುತ್ತು, 200 ದಿನಗಳ ಶಾಲಾವರ್ಷದಲ್ಲಿ ಸುಮಾರು 9 ಲಕ್ಷ ಸುತ್ತು ತಿರುಗುತ್ತದೆ. ಕೋಟಿಗಟ್ಟಲೆ ಸುತ್ತುಗಳ ಶಕ್ತಿಯುಳ್ಳ ಬೇರಿಂಗಿಗೆ ಇದು ಲೆಕ್ಕಕ್ಕೇ ಬಾರದು. ಹಾಗಿದ್ದೂ ಎರಡೇ ವರ್ಷಗಳಲ್ಲಿ ಹಬ್ಬು ಗರಗರನೆ ಸದ್ದುಮಾಡಲು ತೊಡಗುತ್ತದೆಯೆಂದರೆ, ಅದು ಸತ್ತದ್ದು ವೃದ್ಧಾಪ್ಯದಿಂದಲ್ಲ, ಹೊರಗಿನಿಂದ ಹೊಕ್ಕ ಧೂಳುನೀರುಗಳಿಂದ ಮತ್ತು ತಪ್ಪಾದ ಬಿಗಿತದಿಂದ ಎಂಬುದು ಸ್ವಯಂಸಿದ್ಧ.

ಬಿಗಿತದ ಪ್ರಭಾವವನ್ನು ಹಲವರು ಗ್ರಹಿಸುವುದಿಲ್ಲ. ಅಚ್ಚಿನ ತಿರುಪಿನಲ್ಲಿ ಇಂಚಿಗೆ 26 ಸುತ್ತುಗಳಿರುವುದರಿಂದ ಕೋನನ್ನು ಒಂದು ಪೂರ್ಣಸುತ್ತು ತಿರುಗಿಸಿದರೂ ಅದು ಸರಿಯುವುದು ಒಂದು ಮಿಲಿಮೀಟರಿನಷ್ಟೂ ಇಲ್ಲ. ಹೀಗೆ ಅಲ್ಪವಾಗಿ ಸರಿಯುವ ತಿರುಪು ಸ್ಪ್ಯಾನರಿನ ಒಂದು ಜಗ್ಗಿನಿಂದಲೇ ಸವಾರನ ಭಾರದ ಎಷ್ಟೋ ಪಟ್ಟು ಒತ್ತಡವನ್ನು ಗುಂಡುಗಳ ಮೇಲೆ ಹೇರಬಲ್ಲುದು. ರಾಗಿಯ ಮೂಟೆ ಮಾಡಲಾರದ ಹಾನಿಯನ್ನು ಅಜಾಗರೂಕವಾದ ಕೈ ಅರೆಗಳಿಗೆಯಲ್ಲಿ ಮಾಡುತ್ತದೆ. ಸಡಿಲವಾದ ಕೋನೂ ನಿರ್ದೋಷಿಯಲ್ಲ; ಆಗ ಎಲ್ಲ ಗುಂಡುಗಳೂ ಹೊರಬೇಕಾದ ಹೊರೆಯನ್ನು ಒಂದೆರಡು ಗುಂಡುಗಳೇ ಹೊತ್ತು, ಗುಂಡಿಬಿದ್ದ ರಸ್ತೆಯ ಪ್ರತಿಯೊಂದು ಪೆಟ್ಟೂ ದಾರಿಯಲ್ಲಿ ಒಂದೊಂದು ಗುಳಿಯನ್ನು ಒತ್ತುತ್ತದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಹಬ್ಬಿನೊಡನೆ ಬಟ್ಟಲು ಸುತ್ತುತ್ತದೆ, ಕೋನು ಮಾತ್ರ ಅಚ್ಚಿನೊಡನೆ ಸ್ಥಿರವಾಗಿ ನಿಲ್ಲುತ್ತದೆ. ಆದುದರಿಂದ ಬಟ್ಟಲಿನ ಸವೆತ ಸುತ್ತಲೂ ಹಂಚಿಹೋದರೆ ಕೋನಿನ ಕೆಳಮೈಯೊಂದೇ ಸದಾ ಭಾರವನ್ನು ಸಹಿಸಬೇಕಾಗುತ್ತದೆ. ಹಳೆಯ ಕೋನನ್ನು ಬೆಳಕಿಗೆ ಹಿಡಿದು ನೋಡಿದರೆ ಒಂದು ಮಗ್ಗುಲಲ್ಲಿ ಮಾತ್ರ ಸಿಡುಬಿನ ಕಲೆಗಳಂತಹ ಗುಳಿಗಳು ಕಾಣುವುದಕ್ಕೆ ಇದೇ ಕಾರಣ. ಗುಳಿಗಳು ಕಾಣಿಸುವ ಮುನ್ನ, ಚಕ್ರವನ್ನು ಬಿಚ್ಚಿದಾಗಲೆಲ್ಲ ಅಚ್ಚನ್ನು ಅರ್ಧಸುತ್ತು ತಿರುಗಿಸಿ ಕೂರಿಸಿದರೆ ಕೋನಿನ ಮತ್ತೊಂದು ಮಗ್ಗುಲೂ ಉಪಯೋಗಕ್ಕೆ ಬಂದು ಅದರ ಆಯುಷ್ಯ ಬೆಳೆಯುತ್ತದೆ.

ಯಾರಿಗೆ ಯಾವುದು?

ಹೊರೆ ಹೊರುವ ರೈತನಿಗೂ ಶಾಲೆಗೆ ಹೋಗುವ ಮಕ್ಕಳಿಗೂ ಬಟ್ಟಲು ಕೋನಿನ ಹಬ್ಬೇ ತಕ್ಕದ್ದೆಂಬುದರಲ್ಲಿ ನನಗೆ ಸಂಶಯವಿಲ್ಲ. ಅದರ ಬಿಡಿಭಾಗಗಳು ತಾಲ್ಲೂಕು ಕೇಂದ್ರಗಳಲ್ಲಿಯೂ ಹೋಬಳಿಯ ಸೈಕಲ್ ಷಾಪಿನಲ್ಲಿಯೂ ದೊರೆಯುತ್ತವೆ. ಎರಡು ಸ್ಪ್ಯಾನರು, ಒಂದು ತಟ್ಟೆ, ಕೊಂಚ ಸೀಮೆಎಣ್ಣೆ, ಒಂದು ಮುಷ್ಟಿ ಗ್ರೀಸು ಇಷ್ಟಿದ್ದರೆ ರಿಪೇರಿ ಮುಗಿಯಿತು. ಕೊಳ್ಳುವಾಗ ಪರೀಕ್ಷಿಸಬೇಕಾದದ್ದು ಮೂರು: ಕೋನಿನ ದಾರಿ ಕನ್ನಡಿಯಂತೆ ನುಣುಪಾಗಿರಬೇಕು, ಧೂಳಿನ ಮುಚ್ಚಳ ಹಬ್ಬಿಗೆ ಬಿಗಿಯಾಗಿ ಕೂತಿರಬೇಕು, ಅಚ್ಚನ್ನು ಬೆರಳಿನಿಂದ ತಿರುಗಿಸಿದಾಗ ಎಲ್ಲಿಯೂ ತಡೆಯಬಾರದು. ಗುಂಡುಗಳನ್ನು ಕೊಳ್ಳುವಾಗ ಒಂದೇ ಪೊಟ್ಟಣದವನ್ನು ಕೊಳ್ಳತಕ್ಕದ್ದು, ಹಳೆಯದರೊಡನೆ ಹೊಸದನ್ನು ಬೆರಸತಕ್ಕದ್ದಲ್ಲ. ಏಕೆಂದರೆ ಕೂದಲೆಳೆಯಷ್ಟು ದೊಡ್ಡದಾದ ಗುಂಡೇ ಇತರರ ಪಾಲಿನ ಭಾರವನ್ನೂ ಹೊತ್ತು ತಾನೂ ಕೆಟ್ಟು ದಾರಿಯನ್ನೂ ಕೆಡಿಸುತ್ತದೆ.

ಗೇರು ಸೈಕಲ್ಲಿನವರ ಪರಿಸ್ಥಿತಿ ಭಿನ್ನವಾದದ್ದು. ಅಗ್ಗದ ಗೇರು ಸೈಕಲ್ಲುಗಳಲ್ಲಿ ಹಲವು ಹಲ್ಲುಚಕ್ರಗಳ ಫ್ರೀವೀಲು ಹಬ್ಬಿನ ಬಲಗಡೆಯಲ್ಲಿ ಕೂರುವುದರಿಂದ ಬಲಗಡೆಯ ಗುಂಡುಗಳು ಚೌಕಟ್ಟಿನಿಂದ ದೂರ ಒಳಕ್ಕೆ ಸರಿದು, ಆಧಾರವಿಲ್ಲದ ಅಷ್ಟುದ್ದದ ಅಚ್ಚು ಬಾಗುತ್ತದೆ, ಕೆಲವು ವೇಳೆ ಮುರಿಯುತ್ತದೆ. ಅಚ್ಚು ಬಾಗಿದ ಹಬ್ಬಿನಲ್ಲಿ ಯಾವ ಬೇರಿಂಗೂ ಬಾಳಲಾರದು. ಜಪಾನಿನ ಶಿಮಾನೊ ಸಂಸ್ಥೆಯು 1978ರ ಸುಮಾರಿಗೆ ಪ್ರಚಾರಕ್ಕೆ ತಂದ ಫ್ರೀಹಬ್ಬಿನಲ್ಲಿ ಬಲಗಡೆಯ ಗುಂಡುಗಳನ್ನು ಚೌಕಟ್ಟಿನ ಹತ್ತಿರಕ್ಕೆ ತಂದು ಈ ದೋಷವನ್ನು ನಿವಾರಿಸಲಾಯಿತು. ಆದುದರಿಂದ ಮಾಗಡಿಯ ಏರುಗಳಲ್ಲಿಯೂ ಸಂಗಮದ ಇಳಿಜಾರಿನಲ್ಲಿಯೂ ಓಡಿಸಬೇಕಾದ ಗೇರು ಸೈಕಲ್ಲಿಗೆ ಫ್ರೀಹಬ್ಬಿರುವುದನ್ನೇ ಆರಿಸುವುದು ವಿವೇಕ. ಆ ಸಂಸ್ಥೆಯ ಹಬ್ಬುಗಳಲ್ಲಿ ಬಹುತೇಕ ಇಂದಿಗೂ ಬಟ್ಟಲು ಕೋನಿನವೇ ಎಂಬುದನ್ನು, ಆ ಪದ್ಧತಿ ಹಳೆಯದಾಯಿತೆಂದು ಮೂಗುಮುರಿಯುವವರು ನೆನೆಯಬೇಕು.

ಕಾರ್ಟ್ರಿಜ್ ಹಬ್ಬನ್ನೇ ಬಯಸುವವನು ಕೊಳ್ಳುವ ಮುನ್ನ ಅದರೊಳಗಣ ಬೇರಿಂಗಿನ ಸಂಖ್ಯೆಯನ್ನು ವಿಚಾರಿಸಬೇಕು. 6000, 6001, 6201ರಂತಹವು ಪಂಪಿನ ಮೋಟಾರಿಗೂ ಫ್ಯಾನಿಗೂ ಬಳಕೆಯಾಗುವ ಜಾತಿಯವಾದುದರಿಂದ ಮೋಟಾರ್ ರಿವೈಂಡಿಂಗ್ ಅಂಗಡಿಗಳಿರುವ ಊರಿನಲ್ಲಿ ಅವು ಸಿಗದೆ ಹೋಗುವ ಸಂಭವ ಕಡಮೆ. ತೆಳುವಾದ 6802, 6902, 6903ಗಳಿಗೆ ಬೆಂಗಳೂರಿನವರೆಗೆ ಹೋಗಬೇಕಾದೀತು. ಹೆಸರಾಂತ ತಯಾರಕರ ಬೇರಿಂಗುಗಳಿಗೆ ನಕಲಿಗಳು ವಿಪುಲವಾಗಿರುವುದರಿಂದ ನಂಬಿಕೆಯ ವ್ಯಾಪಾರಿಯಲ್ಲಿಯೇ ಕೊಳ್ಳುವುದು ಲೇಸು.

ಸಿರಾಮಿಕ್ ಗುಂಡುಗಳ ವಿಚಾರವನ್ನು ಸಂಕ್ಷೇಪವಾಗಿ ಮುಗಿಸಬಹುದು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಚಕ್ರ ತಿರುಗುವುದು ನಿಮಿಷಕ್ಕೆ ಸುಮಾರು 150 ಸುತ್ತು. ಟೈರಿನ ಉರುಳುವಿಕೆಯಲ್ಲಿ ಹತ್ತಾರು ವ್ಯಾಟ್ ಶಕ್ತಿ ವ್ಯಯವಾಗುವಲ್ಲಿ ಬೇರಿಂಗಿನಲ್ಲಿ ವ್ಯಯವಾಗುವುದು ಒಂದು ವ್ಯಾಟಿನ ಆಚೀಚೆ. ಇಷ್ಟು ಮಂದಗತಿಯಲ್ಲಿ ಅತಿಸೂಕ್ಷ್ಮ ದರ್ಜೆಯ ಬೇರಿಂಗಿಗೂ ಸಿರಾಮಿಕ್ಕಿಗೂ ಹಣ ತೆರುವುದು ನಿಷ್ಪ್ರಯೋಜಕ. ಅದೇ ಹಣದಲ್ಲಿ ಒಳ್ಳೆಯ ಟೈರನ್ನು ಕೊಂಡು ಗಾಳಿಯನ್ನು ಸರಿಯಾಗಿ ತುಂಬಿಸಿಕೊಳ್ಳುವವನು ಹೆಚ್ಚು ಹಗುರವಾಗಿ ಸಾಗುತ್ತಾನೆ.

ಪಾಲನೆಯ ಕ್ರಮ

ಹಬ್ಬು ಕೆಡುತ್ತಿದೆಯೆಂಬುದನ್ನು ಅರಿಯಲು ಯಾವ ಉಪಕರಣವೂ ಬೇಡ. ಚಕ್ರವನ್ನು ನೆಲದಿಂದ ಮೇಲೆತ್ತಿ ರಿಮ್ಮನ್ನು ಹಿಡಿದು ಅಕ್ಕಪಕ್ಕಕ್ಕೆ ಅಲುಗಿಸಿದಾಗ ಆಟ ಕಂಡುಬಂದರೆ ಸಡಿಲವಾಗಿದೆ. ವಾಲ್ವನ್ನು ಪಕ್ಕಕ್ಕೆ ತಂದು ಬಿಟ್ಟಾಗ ಅದು ಮೆಲ್ಲನೆ ಕೆಳಗಿಳಿದು ಲೋಲಕದಂತೆ ಹಿಂದುಮುಂದಾಗಿ ತೂಗಿ ನಿಲ್ಲುವ ಬದಲು ನಡುವೆಯೇ ನಿಂತುಬಿಟ್ಟರೆ ಬಿಗಿಯಾಗಿದೆ. ಚಕ್ರವನ್ನು ಬಿಚ್ಚಿ ಅಚ್ಚನ್ನು ಬೆರಳಿನಿಂದ ತಿರುಗಿಸಿದಾಗ ಒಳಗೆ ಮರಳು ಅರೆದಂತೆ ತೋರಿದರೆ ಕೊಳೆಯಾಗಿದೆ. ಈ ಮೂರರಲ್ಲಿ ಒಂದು ಕಂಡುಬಂದರೂ ಒಡನೆಯೇ ಕೈಹಾಕಬೇಕು. ಒಂದು ತಿಂಗಳು ತಡೆದರೆ ಗ್ರೀಸಿನಲ್ಲಿ ಮುಗಿಯಬೇಕಾದ ಕೆಲಸ ಕೋನಿನವರೆಗೆ, ಎರಡು ತಿಂಗಳು ತಡೆದರೆ ಹಬ್ಬಿನವರೆಗೆ ಬೆಳೆಯುತ್ತದೆ.

ಬಿಚ್ಚುವಾಗ ಒಂದು ಪಕ್ಕದ ಕೋನನ್ನು ಮಾತ್ರ ಸಡಿಲಿಸಿ ಮತ್ತೊಂದನ್ನು ಅಚ್ಚಿನ ಮೇಲೆ ಇದ್ದಂತೆಯೇ ಬಿಡತಕ್ಕದ್ದು; ಹಿಂದಿನ ಚಕ್ರದಲ್ಲಿ ಸಡಿಲಿಸಬೇಕಾದದ್ದು ಎಡಗಡೆಯದು. ಗುಂಡುಗಳನ್ನು ಅಗಲವಾದ ತಟ್ಟೆಯಲ್ಲಿ ಹಿಡಿದು ಎಣಿಸಿ, ಬಟ್ಟಲು ಕೋನುಗಳನ್ನು ಸೀಮೆಎಣ್ಣೆಯಿಂದ ತೊಳೆದು, ಒಣ ಬಟ್ಟೆಯಿಂದ ಒರಸಿ, ಸೀಮೆಎಣ್ಣೆಯ ಪಸೆ ಆರುವವರೆಗೆ ಕಾಯಬೇಕು. ಹಳೆಯ ಗ್ರೀಸಿನ ಮೇಲೆ ಹೊಸ ಗ್ರೀಸನ್ನು ಮೆತ್ತುವುದು ಎರಡು ಕಾರಣಗಳಿಂದ ಸಲ್ಲದು: ಹಳೆಯದರಲ್ಲಿನ ಬೆಣಚುಧೂಳು ಹೊಸದಕ್ಕೂ ಸೇರುತ್ತದೆ, ಮತ್ತು ಬೇರೆಬೇರೆ ಸಾಬೂನುಗಳಿಂದ ತಯಾರಾದ ಗ್ರೀಸುಗಳು ಬೆರೆತಾಗ ತೆಳುವಾಗಿ ಹರಿದುಹೋಗುವುದುಂಟು. ಲಿಥಿಯಮ್ ಸಾಬೂನಿನಿಂದಾದ, ವಾಹನಗಳ ಚಕ್ರಕ್ಕೆ ಮಾರುವ ಸಾಮಾನ್ಯ ಗ್ರೀಸು ಸಾಕಾಗುತ್ತದೆ. ಕೊಬ್ಬರಿ ಎಣ್ಣೆಯನ್ನಾಗಲಿ, ಲೋಹದ ಪುಡಿ ತುಂಬಿದ ಸುಟ್ಟ ಎಂಜಿನ್ ಆಯಿಲನ್ನಾಗಲಿ ಎಂದಿಗೂ ಹಾಕಬಾರದು. ನಡುವೆ ಎಣ್ಣೆಯ ರಂಧ್ರವೂ ಅದಕ್ಕೆ ಸ್ಪ್ರಿಂಗಿನ ಮುಚ್ಚಳವೂ ಇರುವ ಹಳೆಯ ಹಬ್ಬಿಗೆ ಮಾತ್ರ ಆಗಾಗ ಕೆಲವು ತೊಟ್ಟು ಶುದ್ಧವಾದ ಎಣ್ಣೆ ವಿಹಿತ.

ಬಟ್ಟಲನ್ನು ಗ್ರೀಸಿನಿಂದ ಧಾರಾಳವಾಗಿ ತುಂಬಿ, ಗುಂಡುಗಳನ್ನು ಒಂದೊಂದಾಗಿ ಕೂರಿಸಿ, ಓಣಿಯಲ್ಲಿ ಅರ್ಧ ಗುಂಡಿನಷ್ಟೋ ಒಂದು ಗುಂಡಿನಷ್ಟೋ ಜಾಗ ಉಳಿಯುವಂತೆ ನೋಡಿಕೊಳ್ಳಬೇಕು. ಸಂದಿಲ್ಲದೆ ಗಿಡಿದರೆ ಗುಂಡುಗಳು ಒಂದನ್ನೊಂದು ಉಜ್ಜುತ್ತವೆ. ಬಳಿಕ ಕೋನನ್ನು ಬೆರಳಿನಿಂದಲೇ ಮುಟ್ಟುವವರೆಗೆ ತಿರುಗಿಸಿ, ಕೂದಲೆಳೆಯಷ್ಟು ಹಿಂದಕ್ಕೆ ಸಡಿಲಿಸಿ, ಕೋನನ್ನು ಒಂದು ಸ್ಪ್ಯಾನರಿನಿಂದ ಅಲುಗದಂತೆ ಹಿಡಿದು ಮತ್ತೊಂದರಿಂದ ಲಾಕ್‌ನಟ್ಟನ್ನು ಬಿಗಿಗೊಳಿಸಬೇಕು. ಲಾಕ್‌ನಟ್ಟು ಬಿಗಿಯುವಾಗ ಕೋನು ಕೊಂಚ ಒಳಕ್ಕೆ ಸರಿಯುವುದು ಸಹಜವಾದುದರಿಂದ ಮೊದಲ ಪ್ರಯತ್ನದಲ್ಲಿಯೇ ಹದ ಸಿಗದಿದ್ದರೆ ಬೇಸರಪಡಬೇಕಾಗಿಲ್ಲ. ಒಂದೇ ಲಿವರನ್ನು ಮಡಿಸಿ ಬಿಗಿಸುವ ಟೊಳ್ಳು ಅಚ್ಚುಗಳಲ್ಲಿ ಲಿವರನ್ನು ಮಡಿಸಿದಾಗ ಅಚ್ಚೇ ಕುಗ್ಗುವುದರಿಂದ, ಕೈಯಲ್ಲಿ ಹಿಡಿದಾಗ ತೋರುವ ಅತ್ಯಲ್ಪವಾದ ಆಟ ಚೌಕಟ್ಟಿಗೆ ಕೂರಿಸಿದ ಮೇಲೆ ಮಾಯವಾಗುವಂತಿದ್ದರೆ ಅದೇ ಸರಿಯಾದ ಹದ. ಕಾರ್ಟ್ರಿಜ್ಜನ್ನು ಹಬ್ಬಿಗೆ ಕೂರಿಸುವವನು ಹೊರಬಳೆಯ ಮೇಲೆ ಮಾತ್ರ ಒತ್ತಬೇಕು. ಒಳಬಳೆಯ ಮೇಲೆ ಸುತ್ತಿಗೆಯಿಂದ ಬಡಿದರೆ ಹೊಸ ಬೇರಿಂಗು ಅಂಗಡಿಯಲ್ಲಿಯೇ ಗುಳಿಬಿದ್ದು ಹೊರಡುತ್ತದೆ.

ಫ್ರೀವೀಲಿನ ಬಗೆಗೆ ಒಂದು ಮಾತು. ಅದರೊಳಗಣ 1/8 ಇಂಚಿನ ಗುಂಡುಗಳು ತುಳಿಯುವಾಗ ಉರುಳುವುದೇ ಇಲ್ಲ, ತುಳಿಯದೆ ಬಿಟ್ಟಾಗ ಮಾತ್ರ ಉರುಳುತ್ತವೆ; ಅಲ್ಲಿ ಕಾಣುವ ಅಲ್ಪ ಅಲುಗಾಟಕ್ಕೆ ಹೆದರಬೇಕಾಗಿಲ್ಲ. ಅದಕ್ಕೆ ತೆಳುವಾದ ಎಣ್ಣೆಯೇ ಸರಿ. ಗಟ್ಟಿ ಗ್ರೀಸು ತುಂಬಿದರೆ ಒಳಗಿನ ನಾಲಗೆಗಳು ಅಂಟಿ ಪೆಡಲು ಹುಸಿಹೋಗುತ್ತದೆ.

ಕಾಲದ ವಿಚಾರದಲ್ಲಿ ವರ್ಷಕ್ಕೆ ಎರಡು ಬಾರಿ ಓವರಾಯಿಲ್ ಮಾಡಿಸುವ ಹಳೆಯ ರೂಢಿಯೇ ಈ ಸೀಮೆಯ ಹವೆಗೆ ಹೊಂದುತ್ತದೆ: ಬೇಸಗೆಯ ಧೂಳು ಮುಗಿದು ಮೊದಲ ಗುಡುಗುಮಳೆ ಬೀಳುವ ಯುಗಾದಿಯ ಆಸುಪಾಸಿನಲ್ಲಿ ಒಮ್ಮೆ, ದೊಡ್ಡ ಮಳೆಗಳು ಹಿಂದಾದ ದೀಪಾವಳಿಯ ತರುವಾಯ ಒಮ್ಮೆ. ಆಯುಧಪೂಜೆಯ ಹಿಂದಿನ ದಿನ ಅನೇಕ ಮನೆಗಳಲ್ಲಿ ಸೈಕಲ್ಲನ್ನು ಕೊಡಗಟ್ಟಲೆ ನೀರೆರೆದು ತೊಳೆಯುತ್ತಾರೆ. ಭಕ್ತಿಯಿಂದ ಮಾಡುವ ಈ ಸ್ನಾನವೇ ಹಬ್ಬಿಗೆ ಮುಳುವಾಗದಂತೆ, ನೀರಿನ ಧಾರೆಯನ್ನು ನೇರವಾಗಿ ಕೋನಿನ ಮೇಲೆ ಬಿಡದೆ ಒದ್ದೆ ಬಟ್ಟೆಯಿಂದ ಒರಸಿ ಶುಚಿಗೊಳಿಸಬೇಕು. ಹೊಳೆ ದಾಟಿ ಬಂದ ಸೈಕಲ್ಲಿಗೆ ಮಾತ್ರ ಕಾಲದ ನಿಯಮವಿಲ್ಲ. ಹಬ್ಬು ಮುಳುಗಿದ ವಾರದೊಳಗೆ ಅದನ್ನು ಬಿಚ್ಚಿ ನೋಡಲೇಬೇಕು.

ಕೈಯ ಹದವನ್ನು ಉಳಿಸಿಕೊಳ್ಳುವುದು

ಈ ಎಲ್ಲ ವಿವೇಚನೆಯೂ ಕಡೆಗೆ ನಿಲ್ಲುವುದು ಕೋನನ್ನು ಹೊಂದಿಸುವ ಕೈಯ ಮೇಲೆ. ಗಂಟೆಗೆ ಇಷ್ಟು ಕಾಸಿನಂತೆ ಸೈಕಲ್ಲನ್ನು ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳು ಊರೂರಿನಲ್ಲಿಯೂ ಇದ್ದ ಕಾಲದಲ್ಲಿ ಅಂಗಡಿಯವನಿಗೆ ತನ್ನ ಸೈಕಲ್ಲುಗಳ ಬಾಳಿಕೆಯೇ ಜೀವನಾಧಾರವಾಗಿದ್ದುದರಿಂದ ಆ ಹದ ತಾನಾಗಿ ರೂಢಿಯಾಗುತ್ತಿತ್ತು. ಅವನ ಬಳಿ ದುಡಿಯುತ್ತಿದ್ದ ಹುಡುಗರಿಗೂ ಅದು ಸಾಗಿಬರುತ್ತಿತ್ತು. ಆ ಅಂಗಡಿಗಳು ಕಡಮೆಯಾದಂತೆ ಆ ವಿದ್ಯೆಯೂ ಕ್ಷೀಣಿಸಿದೆ. ಅದನ್ನು ಗ್ರಹಿಸಬಲ್ಲ ಕೈಗಳಿಗೆ ಈ ಸೀಮೆಯಲ್ಲಿ ಅಭಾವವಿಲ್ಲ. ಚನ್ನಪಟ್ಟಣದ ಕುಶಲಕರ್ಮಿಯು ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದು, ಘರ್ಷಣೆಯ ಕಾವಿನಿಂದಲೇ ಅರಗು ಕರಗಿ ಮರಕ್ಕೆ ಬಣ್ಣವೇರುವಂತೆ ಮಾಡುತ್ತಾನೆ. ಒತ್ತಡ ಹೆಚ್ಚಾದರೆ ಬಣ್ಣ ಸುಡುತ್ತದೆ, ಕಡಮೆಯಾದರೆ ಹತ್ತುವುದಿಲ್ಲ. ಅಲ್ಲಿ ಘರ್ಷಣೆ ಕೆಲಸಗಾರನ ಸಹಾಯಕ, ಹಬ್ಬಿನಲ್ಲಿ ಅದು ವೈರಿ; ಆದರೆ ಎರಡು ಕಡೆಯೂ ಬೇಕಾದದ್ದು ಬಿಗಿತವನ್ನು ಬೆರಳಿನಿಂದ ಅಳೆಯುವ ಒಂದೇ ಪ್ರಜ್ಞೆ.

ಪ್ರೌಢಶಾಲೆಗಳ ಉಪಾಧ್ಯಾಯರಲ್ಲಿಯೂ ಕೈಗಾರಿಕಾ ತರಬೇತಿ ಸಂಸ್ಥೆಗಳ ಬೋಧಕರಲ್ಲಿಯೂ ನನ್ನ ವಿನಂತಿ ಇಷ್ಟು: ವರ್ಷದಲ್ಲಿ ಒಂದು ಮಧ್ಯಾಹ್ನ ಊರಿನ ಸೈಕಲ್ ಷಾಪಿನ ಹಿರಿಯನೊಬ್ಬನನ್ನು ಶಾಲೆಗೆ ಬರಮಾಡಿಕೊಂಡು, ಮೂಲೆಗೆ ಬಿದ್ದಿರುವ ಸೈಕಲ್ಲೊಂದರ ಹಬ್ಬನ್ನು ಮಕ್ಕಳ ಕೈಯಿಂದಲೇ ಬಿಚ್ಚಿಸಿ, ತೊಳೆಸಿ, ಗುಂಡುಗಳನ್ನು ಎಣಿಸಿ ಕೂರಿಸುವುದನ್ನು ಕಲಿಸಿರಿ. ಸೈಕಲ್ಲನ್ನು ಕೊಳ್ಳುವವರಲ್ಲಿ ಹೇಳತಕ್ಕದ್ದು ಇನ್ನೂ ಸರಳ: ನಿಮ್ಮ ಊರಿನಲ್ಲಿ ಬಿಚ್ಚಲು ಬಾರದ ಹಬ್ಬನ್ನು ಕೊಳ್ಳಬೇಡಿರಿ, ಬಿಚ್ಚಲು ಬರುವ ಹಬ್ಬನ್ನು ವರ್ಷಕ್ಕೆ ಎರಡು ಸಲ ಬಿಚ್ಚದೆ ಇರಬೇಡಿರಿ.